ಹಳೆಯ ಹೆಸರು ಕರೆಯುತ್ತಿದ್ದ ವಿಜಯಾಬಾಯಿ

ಕಂಪ್ಯೂಟರಿನಲ್ಲಿ ಫೈಲಿನ ಹೆಸರು ಬದಲಾಗುವಾಗ ವಿಜಯಾಬಾಯಿ ಹಳೆಯ ಹೆಸರನ್ನು ಒಮ್ಮೆ ಗಟ್ಟಿಯಾಗಿ ಕರೆಯುತ್ತಿದ್ದರು. ಹಾಜರಿ ತೆಗೆಯುವ ಮಾಸ್ತರರ ಹಾಗಲ್ಲ. ದೀಪ ಹಚ್ಚಿದರೂ ಮನೆಗೆ ಬಾರದ ಮಕ್ಕಳನ್ನು ಕಟ್ಟೆಯ ಮೇಲೆ ನಿಂತು ಕರೆಯುವ ಹಾಗೆ.

ಎಂಬತ್ತರ ದಶಕದ ಕೊನೆ. ಪುಣೆಯ ಕೊಂಢವಾದಲ್ಲಿ ಒಂದು ಸಣ್ಣ ಕಾರ್ಖಾನೆ. ಅಲ್ಲಿ ಏಸಿಯ ಭಾಗ್ಯವಿದ್ದದ್ದು ಮಾಲೀಕರಿಗೆ ಮತ್ತು ಕಂಪ್ಯೂಟರಿಗೆ. ಕಂಪ್ಯೂಟರ್ ಬಾಗಲಕೋಟೆಯ ವಿಜಯಾಬಾಯಿಯವರ ಕೈಯಲ್ಲಿತ್ತು. ನಾನು ಅವರ ಪಕ್ಕದ ಟೈಪಿಸ್ಟ್. ಟೈಪಿಂಗಿಗಿಂತ ನನಗೆ ಬರುತ್ತಿದ್ದದ್ದು ಅಣಕು. ಮ್ಯಾನೇಜರರ ಕೆಮ್ಮು, ವಾಚ್‌ಮನ್ನನ ಆಕಳಿಕೆ, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಸ್ವಂತ ದನಿಗೇ ಅಲ್ಲಿ ಜಾಗವಿರಲಿಲ್ಲ.

ಕೂಲಿಕಾರರಿಗೆ ತಲೆಗೊಂದು ಫೈಲು, ಅವರ ಹೆಸರಿನದೇ. ಆ ಯಂತ್ರ ಇಂಗ್ಲಿಷಿನ ಎಂಟಕ್ಷರಕ್ಕಿಂತ ಹೆಚ್ಚು ನುಂಗುತ್ತಿರಲಿಲ್ಲವಾಗಿ ಮಲ್ಲಿಕಾರ್ಜುನ ‘ಮಲ್ಲಿಕಾರ್’ ಆಗಿ ಅರ್ಧದಲ್ಲೇ ನಿಂತಿದ್ದ. ಒಂದು ದಿನ ಮ್ಯಾನೇಜರ್ ಬಾಗಿಲಲ್ಲೇ ನಿಂತು, “ನಾವಂ ಕಾಢಾ ಬಾಯಿ, ನಂಬರ್ ಟಾಕಾ!” ಎಂದರು. ಹೆಸರು ಕಿತ್ತು ನಂಬರ್ ಹಾಕಬೇಕು, ಎಲ್ಲರಿಗೂ, ಒಮ್ಮೆಲೇ.

ವಿಜಯಾಬಾಯಿ ಸಾಲಿಗೊಂದರಂತೆ ಹಳೆಯ ಹೆಸರು, ಮುಂದೆ ಹೊಸ ನಂಬರ್ ಬರೆದು ಎಲ್ಲವನ್ನೂ ಒಂದೇ ಆಜ್ಞೆಯಾಗಿ ಕಟ್ಟಿದರು. ಎಂಟರ್ ಒತ್ತಿದರು. ಹಸಿರು ಸಾಲುಗಳು ಮೇಲಕ್ಕೆ ಸರಿಯತೊಡಗಿದವು. ಒಂದೊಂದನ್ನೂ ಕರೆದರು: “ಯಲ್ಲಪ್ಪಾ… ಸಾಬವ್ವಾ… ಮಲ್ಲಿಕಾರ್ಜುನಾ…” ಪರದೆಯಲ್ಲಿ ಅರ್ಧವಿದ್ದ ಅವನನ್ನೂ ಪೂರ್ತಿ ಕರೆದರು. ಕೊನೆಗೆ ಪರದೆ ಖಾಲಿ. ಕರ್ಸರ್ ಮಾತ್ರ ಮಿಣುಕುತ್ತಿತ್ತು.

“ಯಾಕ್ರಿ ಬಾಯಾರ, ಯಾರರೆ ಓಗೊಡತಾರೇನ್ರಿ?” ಎಂದು ಕೆಣಕಿದೆ.

“ಓಗೊಡ್ಲಿ ಬಿಡ್ಲಿ. ಹೋಗೂ ಹೆಸರನ್ನ ಯಾರರೆ ಒಬ್ಬರು ಕರದು ಕಳಸಬೇಕಪಾ. ನಂದು ಯಾರೂ ಕರೀಲಿಲ್ಲ.”

ಮದುವೆಯ ದಿನ ಹೊಸ ಹೆಸರಿಡುವ ಶಾಸ್ತ್ರದಲ್ಲಿ ಗಂಡ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ‘ವಿಜಯಾ’ ಎಂದು ಬರೆದಿದ್ದರಂತೆ. ಅಲ್ಲಿಗೆ ತವರಿನ ಚಂಪಾ ಮುಗಿದಳು. ತವರಿನವರೂ ಹೊಸ ಹೆಸರಿಗೇ ಒಗ್ಗಿಕೊಂಡರು. ಅಪ್ಪ ಒಬ್ಬರು ಮಾತ್ರ ಸಾಯುವ ತನಕ ‘ಚಂಪೂ’ ಎನ್ನುತ್ತಿದ್ದರು.

ಮರುದಿನ ನಾನು ಕ್ಯಾಂಟೀನಿನಲ್ಲಿ ಅವರದೇ ದನಿಯಲ್ಲಿ “ಯಲ್ಲಪ್ಪಾ…” ಎಂದು ಎಲ್ಲರನ್ನೂ ನಗಿಸುತ್ತಿದ್ದಾಗ ವಿಜಯಾಬಾಯಿ ಹಿಂದೆಯೇ ನಿಂತಿದ್ದರು. ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡೆ. ಅವರು ಮೆಲ್ಲಗೆ ಕೇಳಿದರು: “ಮಂಗ್ಯಾ, ಕೇಳದೇ ಇರೂ ದನೀನೂ ಬರತದೇನು ನಿನಗ? ನಮ್ಮಪ್ಪಂದು?”

ಅಂದಿನಿಂದ ಊಟದ ಬಿಡುವಿನಲ್ಲಿ ನನಗೆ ಪಾಠ. “ಹಂಗಲ್ಲೋ, ಇನ್ನೂ ದಪ್ಪ. ಕಡೀಕ ಸ್ವಲ್ಪ ಏರಬೇಕು, ಬಾವ್ಯಾಗಿಂದ ಕೊಡಾ ಎತ್ತಿದ್ಹಂಗ. ಎಲಿ ಅಡಕಿ ದವಡ್ಯಾಗ ಇರತಿತ್ತು.” ನಾನು ಎಲೆ ಅಡಿಕೆ ಹಾಕಿಕೊಂಡೇ ಕರೆದೆ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಪ್ರತಿ ಸಲ ಕಣ್ಣು ತೆರೆದಾಗ ಎದುರಿಗಿದ್ದದ್ದು ನಾನೇ. “ಭಾಳ ಸನೇಕ ಬಂದಿ. ಆದ್ರ ನೀನ ಇದ್ದಿ,” ಎಂದು ನಗುತ್ತಿದ್ದರು. ನನ್ನ ಮೂತಿ ನೋಡಿ ಇಷ್ಟು ನಿರಾಶರಾದವರು ಮತ್ತೊಬ್ಬರಿಲ್ಲ, ಹೆಣ್ಣು ನೋಡಲು ಹೋದ ಮನೆಗಳನ್ನು ಬಿಟ್ಟರೆ.

ಮಳೆಗಾಲ ಮುಗಿಯುವಷ್ಟರಲ್ಲಿ ಕಾಮಾಲೆ ಅವರನ್ನು ಕರೆದೊಯ್ದಿತು.

ಹತ್ತನೆಯ ದಿನ ನದಿಯ ಘಾಟಿನಲ್ಲಿ ಪಿಂಡ ಇಟ್ಟರು. ಕಾಗೆ ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆ ಎಂದರು ಭಟ್ಟರು. ಗಂಡ ಕೈಮುಗಿದು, “ವಿಜಯಾ, ಮಗಳ ಲಗ್ನಾ ನಾ ಮಾಡತೀನಿ. ವಿಜಯಾ, ಮನಿ ನಾ ನೋಡ್ಕೋತೀನಿ,” ಎಂದು ಒಂದೊಂದೇ ಮಾತು ಕೊಟ್ಟರು. ಗೋಡೆಯ ಮೇಲಿನ ಕಾಗೆಗಳು ಕತ್ತು ಹೊರಳಿಸಿದವು, ಅಷ್ಟೇ. ಬಿಸಿಲು ಏರಿತು. ಹೆಸರು ಮತ್ತೆ ಮತ್ತೆ ಕೂಗಿದರು: ವಿಜಯಾ, ವಿಜಯಾ.

ನಾನು ಬಾಯಿ ತೆರೆದದ್ದು ನನಗೇ ಗೊತ್ತಾಗಲಿಲ್ಲ. ದವಡೆಯಲ್ಲಿ ಎಲೆ ಅಡಿಕೆ ಇರಲಿಲ್ಲ. ಆದರೂ ಅದೇ ದಪ್ಪ, ಕೊನೆಯಲ್ಲಿ ಅದೇ ಏರು.

“ಚಂಪೂ…”

ನನ್ನ ಬೆನ್ನ ಹಿಂದೆ ಯಾರೋ ಮುದುಕರು ಕರೆದರೆಂದು ನಾನೇ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮುಂದಕ್ಕೆ ತಿರುಗುವಷ್ಟರಲ್ಲಿ ಕಾಗೆಯೊಂದು ಇಳಿದು ಬಂದು ಪಿಂಡಕ್ಕೆ ಕೊಕ್ಕು ಹಾಕಿತ್ತು.

ಎಲ್ಲರೂ ಉಸಿರು ಬಿಟ್ಟರು. ಗಂಡ ಕಣ್ಣೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ಕೇಳಿದರು:

“ಚಂಪೂ ಅಂದ್ರ ಯಾರಪಾ?”