ಗುಂಡನ ಜೊಲ್ಲು

ಜೊಲ್ಲು ಸುರಿಸುವ ವಿಷಯದಲ್ಲಿ ನಮ್ಮ ಮನೆಯವರು ಯಾರಿಗೂ ಕಡಿಮೆಯಿಲ್ಲ. ಯಜಮಾನರ ದಿಂಬಿನ ಮೇಲೆ ದಿನಾ ಬೆಳಿಗ್ಗೆ ಒಂದೊಂದು ದೇಶದ ಭೂಪಟ ಮೂಡಿರುತ್ತದೆ. ಶಿರಾ ಗೇಟಿನ ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತಿನ ತಟ್ಟೆ ಹೊರಬರುವ ಹೊತ್ತಿಗೆ ನಾನು ಆ ದಾರಿಯಲ್ಲಿ ಹೋದರೆ ಸೆರಗಿಗೆ ಕೆಲಸ ಬೀಳುತ್ತದೆ. ಹೀಗಿರುವಾಗ ಮನೆಯ ಅತಿ ಚಿಕ್ಕ ಸದಸ್ಯ ಗುಂಡ ಒಂದು ದಿನ ಜೊಲ್ಲು ಸುರಿಸತೊಡಗಿದಾಗ, ಮನೆತನದ ಗುಣ ಅಂತ ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. ಯಾಕೆಂದರೆ ಗುಂಡ ಹ್ಯಾಮ್‌ಸ್ಟರ್.

ಹ್ಯಾಮ್‌ಸ್ಟರ್ ಅಂದರೇನೆಂದು ಆಗ ತುಮಕೂರಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಮನೆಯ ಫೋನಿಗೆ ಕಸೂತಿ ಬಟ್ಟೆ ಹೊದಿಸಿಡುತ್ತಿದ್ದ ಕಾಲ ಅದು. ಏಳು ವರ್ಷದ ನನ್ನ ಮಗಳು ಪಲ್ಲವಿಗೆಂದು ನನ್ನ ತಮ್ಮ ಅದನ್ನು ಬೆಂಗಳೂರಿನಿಂದ ಪಂಜರದ ಸಮೇತ ತಂದುಕೊಟ್ಟಿದ್ದ. ಇಲಿಯ ಜಾತಿ, ಬಾಲ ಇದ್ದೂ ಇಲ್ಲದ ಹಾಗೆ, ಎರಡೂ ಕೆನ್ನೆಯೊಳಗೆ ಕಾಳು ತುಂಬಿಟ್ಟುಕೊಳ್ಳಲು ಚೀಲ. ನಮ್ಮತ್ತೆ ಮೊದಲ ದಿನವೇ ಹಣೆ ಚಚ್ಚಿಕೊಂಡರು.

“ಅಡಿಗೆಮನೇಲಿ ಇಲಿ ಹಿಡಿಯಕ್ಕೊಂದು ಬೋನು, ಹಾಲ್‌ನಾಗೆ ಇಲಿ ಸಾಕಕ್ಕೊಂದು ಬೋನು. ಏನ್ ಮನೆನವ್ವಾ ಇದು!”

ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ವಿಜ್ಞಾನದವರಿಗೆ ಮನೆಯಲ್ಲಿ ಒಂದು ಪ್ರಾಣಿ ಸಿಕ್ಕರೆ ಬಿಡುತ್ತಾರೆಯೇ? ಪಂಜರದ ಮೇಲೆ ಚಾರ್ಟೇ ಅಂಟಿಸಿದೆ. ಬೆಳಿಗ್ಗೆ ಸೂರ್ಯಕಾಂತಿ ಬೀಜ, ಸಂಜೆ ಕ್ಯಾರೆಟ್ಟು, ಕೆಳಗೆ ಕೆಂಪು ಶಾಯಿಯಲ್ಲಿ “ಬೇರೆ ಏನನ್ನೂ ಹಾಕಕೂಡದು”. ಅತ್ತೆಗೆ ಓದಲು ಬರುವುದಿಲ್ಲವೆಂದು ಅವರಿಗೆ ಬಾಯಲ್ಲೂ ಹೇಳಿದೆ. “ನಾನ್ಯಾಕವ್ವಾ ಇಲಿಗೆ ಹಾಕಕ್ ಹೋಗ್ಲಿ” ಎಂದು ಮುಖ ತಿರುಗಿಸಿದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ಗುಂಡನ ಗದ್ದವೆಲ್ಲ ಒದ್ದೆ. ಎದೆಯ ಕೂದಲು ಅಂಟಂಟಾಗಿತ್ತು, ಬೀಜಗಳು ಹಾಕಿದಲ್ಲೇ ಬಿದ್ದಿದ್ದವು. ಪಲ್ಲವಿ ಹಾಲಿನ ಲೋಟ ಪಕ್ಕಕ್ಕಿಟ್ಟು, “ಅಮ್ಮ, ಗುಂಡ ಸತ್ತೋಗ್ತಾನಾ?” ಎಂದು ಕೇಳಿದಳು. ನಾನು “ಛೇ, ಬಿಡ್ತು ಅನ್ನು” ಎಂದೆ.

ರೋಗಿ ಒಬ್ಬನಿದ್ದರೆ ವೈದ್ಯರು ಹತ್ತು ಜನ. ಯಜಮಾನರು ಬಿಸಿಲಿನ ಝಳ ಎಂದು ಹೇಳಿ ಫ್ಯಾನು ಹಾಕಿ ಆಫೀಸಿಗೆ ಹೋದರು. ಅತ್ತೆ ಯಾರದೋ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ಗುಂಡ ನಾಲ್ಕು ಸಲ ಸೀನಿದ. ದೃಷ್ಟಿ ಹೋಯಿತೋ ಇಲ್ಲವೋ, ಜೊಲ್ಲು ಮಾತ್ರ ಇನ್ನಷ್ಟು ಹೆಚ್ಚಿತು. ಪಕ್ಕದ ಮನೆಯ ಸರೋಜಮ್ಮನವರದು ಬೇರೆಯೇ ಶಾಸ್ತ್ರ. ಮಗು ಜೊಲ್ಲು ಸುರಿಸಿದರೆ ಬಸುರಿನಲ್ಲಿ ತಾಯಿಯ ಬಯಕೆ ತೀರಿಲ್ಲ ಅಂತಲೇ ಅರ್ಥ. ಆದರೆ ಗುಂಡನ ತಾಯಿ ಏನು ಬಯಸಿದ್ದಳೆಂದು ಎಲ್ಲಿ ಹೋಗಿ ವಿಚಾರಿಸುವುದು?

ನಿಮ್ಮ ಹತ್ತಿರ ಮುಚ್ಚುಮರೆ ಏನು, ನಾನು ಅಷ್ಟು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಇಲಿಯ ಬಾಚಿಹಲ್ಲಿನ ಚಿತ್ರ ಬರೆದವಳು. “ಮಕ್ಕಳೇ, ಇವು ಸಾಯುವವರೆಗೂ ಬೆಳೆಯುತ್ತವೆ, ಆದ್ದರಿಂದ ಇಲಿ ಏನನ್ನಾದರೂ ಕಡಿಯುತ್ತಲೇ ಇರಬೇಕು” ಎಂದು ಹೇಳಿ, ಅದರ ಮೇಲೆ ಎರಡು ಅಂಕದ ಪ್ರಶ್ನೆಯನ್ನೂ ಕೇಳಿದವಳು. ಅಂಥ ಹಲ್ಲು ನಮ್ಮ ಹಾಲ್‌ನಲ್ಲೇ ಜೊಲ್ಲು ಸುರಿಸುತ್ತ ಕೂತಿದ್ದರೆ ನಾನು ಫ್ಯಾನಿನ ಸ್ಪೀಡು ಹೆಚ್ಚಿಸುತ್ತಿದ್ದೆ. ಪಾಠದಲ್ಲಿದ್ದ ಇಲಿಯೇ ಬೇರೆ, ಮನೆಯಲ್ಲಿದ್ದ ಇಲಿಯೇ ಬೇರೆ ಅಂದುಕೊಂಡಿದ್ದೆನೋ ಏನೋ.

ಯಜಮಾನರ ಗೆಳೆಯರೊಬ್ಬರು ಕುಣಿಗಲ್ಲಿನಲ್ಲಿ ಒಬ್ಬ ನಿವೃತ್ತ ಕುದುರೆ ಡಾಕ್ಟರಿದ್ದಾರೆ ಎಂದರು. ಕುದುರೆಗೂ ಗುಂಡನಿಗೂ ಎಲ್ಲಿಯ ನಂಟು ಎಂದು ಯೋಚಿಸುವಷ್ಟು ವ್ಯವಧಾನ ಇರಲಿಲ್ಲ. ಭಾನುವಾರ ಬೆಳಿಗ್ಗೆ ನಾನೂ ಪಲ್ಲವಿಯೂ ಗುಂಡನ ಸಮೇತ ಬಸ್ಸು ಹತ್ತಿದೆವು. ಅತ್ತೆಯೂ ಹೊರಟರು. “ನಾನೇನ್ ಇಲಿಗೋಸ್ಕರ ಬರ್ತಿಲ್ಲ ಕಣಮ್ಮ, ಹೆಬ್ಬೂರಲ್ಲಿ ತಂಗಿ ಮನೇಗಿಳ್ಕೋತೀನಿ” ಎಂದರು. ಹೆಬ್ಬೂರು ಬಂತು, ಹೋಯಿತು. ಅತ್ತೆ ತೊಡೆಯ ಮೇಲಿದ್ದ ಪಂಜರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತ ಕೂತೇ ಇದ್ದರು.

ಡಾಕ್ಟರು ಜಗುಲಿಯ ಮೇಲೆ ಪೇಪರ್ ಓದುತ್ತಿದ್ದರು. ಕನ್ನಡಕ ಏರಿಸಿ ಗುಂಡನನ್ನು ನೋಡಿ ನಕ್ಕರು. “ಇಷ್ಟ್ ಚಿಕ್ಕ ಕುದುರೆ ನಾನು ನೋಡೇ ಇರ್ಲಿಲ್ಲ ತಾಯಿ. ಇರ್ಲಿ, ಹಲ್ಲು ಯಾರದಾದ್ರೂ ಹಲ್ಲೇ. ಕುದುರೆ ಹಲ್ಲೂ ಬೆಳೀತಾನೇ ಇರ್ತವೆ. ಸರಿಯಾಗಿ ಸವೀಲಿಲ್ಲ ಅಂದ್ರೆ ಚುಚ್ಕೊಂಡು ಹೀಗೇ ಜೊಲ್ಲು ಸುರ್ಸುತ್ತೆ.”

ಗುಂಡನ ಕತ್ತಿನ ಹಿಂದಿನ ಚರ್ಮ ಹಿಡಿದು ಬಾಯಿ ತೆರೆಸಿದರು. ಬಾಚಿಹಲ್ಲು ಬೆಳೆದು ಒಳಕ್ಕೆ ಬಾಗಿತ್ತು. ಅದರ ತುದಿಯನ್ನು ನಾಜೂಕಾಗಿ ಕತ್ತರಿಸಿದರು. ಆಮೇಲೆ ಬಲಗೆನ್ನೆಯ ಚೀಲಕ್ಕೆ ಇಂಕ್ ಫಿಲ್ಲರಿನಿಂದ ನೀರು ಬಿಟ್ಟು, ಸಣ್ಣ ಚಿಮಟದಿಂದ ಏನನ್ನೋ ಮೆತ್ತಗೆ ಎಳೆದು ಬಿಳಿ ಹತ್ತಿಯ ಮೇಲಿಟ್ಟರು. ಕಪ್ಪಗೆ, ಜಿಗುಟಾಗಿ, ಬಟಾಣಿಯಷ್ಟು ದಪ್ಪ.

ಹಳೇ ಮೈಸೂರಿನವರಿಗೆ ಅದೇನೆಂದು ಹೇಳಬೇಕೆ? ರಾಗಿಮುದ್ದೆ!

“ಹಲ್ಲಿಗೆ ಕೆಲ್ಸ ಕೊಡೋದು ಬಿಟ್ಟು ಮುದ್ದೆ ಹಾಕಿದ್ದೀರಲ್ಲ!” ಎಂದರು ಡಾಕ್ಟರು.

ಮುದ್ದೆಯನ್ನು ಅಗಿಯುವವನು ನಮ್ಮ ಕಡೆಯವನೇ ಅಲ್ಲ. ಮುರಿ, ಸಾರಿನಲ್ಲಿ ಅದ್ದು, ನುಂಗು, ಅಷ್ಟೇ. ಅದೇ ಪಾಠವನ್ನು ನಮ್ಮತ್ತೆ ಗುಂಡನಿಗೂ ಹೇಳಿಕೊಟ್ಟಿದ್ದರು. ಅವನೋ, ನುಂಗುವ ಬದಲು ಕೆನ್ನೆಗೆ ಮೆತ್ತಿಕೊಂಡಿದ್ದ. ಅತ್ತೆಯ ಮುಖ ಸಣ್ಣದಾಯಿತು.

“ನಾನೇ ಸ್ವಾಮಿ. ದಿನಾ ಒಂದೀಟು. ಬರೀ ಬೀಜ ತಿಂದು ಬದುಕೋಕಾಯ್ತದಾ ಅಂತ. ಹೊಟ್ಟೆ ಉರೀತು.”

ಅಷ್ಟಕ್ಕೇ ಮುಗಿದಿದ್ದರೆ ಈ ಕಥೆಯನ್ನು ನಾನು ಎಷ್ಟೋ ಮದುವೆಮನೆಗಳಲ್ಲಿ ಹೇಳಿ ನಗಿಸುತ್ತಿದ್ದೆ. ಡಾಕ್ಟರು ಎಡಗೆನ್ನೆಗೂ ಚಿಮಟ ಹಾಕಿದರು. ಅಲ್ಲಿಂದ ಬಂದದ್ದು ಕೆಂಚಗಿನ ಒಂದು ಅಂಟು. “ಇದೇನು, ಬೆಲ್ಲವಾ?”

ಅದು ಬೆಲ್ಲವಲ್ಲ, ಟಾಫಿ. ಶಾಲೆಯಲ್ಲಿ ಹುಟ್ಟುಹಬ್ಬದ ಮಕ್ಕಳು ಟೀಚರಿಗೆ ಎರಡೆರಡು ಟಾಫಿ ಕೊಡುವುದು ಪದ್ಧತಿ. ಪಲ್ಲವಿಗೆ ಕೊಟ್ಟರೆ ಅವಳ ಹಲ್ಲು ಹಾಳಾಗುತ್ತದೆಂದು ಮುಚ್ಚಿಟ್ಟು, ಅದರ ಚೂರುಗಳನ್ನು ಗುಂಡನಿಗೆ ಕೊಟ್ಟ ಪುಣ್ಯಾತ್ಗಿತ್ತಿ ನಾನೇ. ಎರಡೂ ಕೈಯಲ್ಲಿ ಹಿಡಿದುಕೊಂಡು ತಿನ್ನುವಾಗ ಎಷ್ಟು ಮುದ್ದಾಗಿರುತ್ತಿದ್ದ ಅಂತೀರಿ! ಬಾಯಿ ತೆರೆಯಬೇಕೆಂದುಕೊಂಡೆ. ಅಷ್ಟರಲ್ಲಿ ಅತ್ತೆ, “ಊಂ, ಬೆಲ್ಲ. ಅದೂ ನಂದೇ” ಎಂದುಬಿಟ್ಟರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಗುಂಡ ಬದುಕಿಕೊಂಡ. ಅಲ್ಲೇ ಡಾಕ್ಟರ ಮೇಜಿನ ಮೇಲೆ ಮುಖ ಉಜ್ಜಿಕೊಂಡ. ಪಲ್ಲವಿ ಮಾತ್ರ ಅಜ್ಜಿಯ ಕಡೆ ಕಿರುಬೆರಳು ತೋರಿಸಿ, “ನೀನೇ ಅವನನ್ನ ಸಾಯಿಸ್ತಿದ್ದೆ. ನಿನ್ ಜೊತೆ ಟೂ” ಎಂದಳು. ವಾಪಸ್ಸು ಬಸ್ಸಿನಲ್ಲಿ ಪಂಜರವನ್ನು ತಬ್ಬಿಕೊಂಡು ನನ್ನ ತೊಡೆಯ ಮೇಲೆ ಕೂತಳು. ಪಕ್ಕದಲ್ಲಿದ್ದ ಅತ್ತೆ ಎರಡು ಸಲ ಅವಳ ಕೂದಲು ನೇವರಿಸಲು ಹೋದರು, ಅವಳು ಎರಡು ಸಲವೂ ತಲೆ ಕೊಡವಿದಳು.

ಮಗಳಿಗೆ ತೂಕಡಿಕೆ ಬಂದಾಗ ಮೆಲ್ಲಗೆ ಕೇಳಿದೆ. “ಅತ್ತೆ, ಅದು ನಾನು ಹಾಕಿದ್ದು. ನೀವ್ಯಾಕೆ ಹಾಗಂದ್ರಿ?”

“ನಂಗೊತ್ತಿತ್ತು ಬುಡು. ಸ್ಕೂಲಿಂದ ಬಂದೋಳು ಬ್ಯಾಗ್ ಇಡಕ್ ಮುಂಚೆ ಪಂಜರದತ್ರ ಹೋಗ್ತಿದ್ದೆ, ನಾ ಕಾಣ್ನಾ? ಅಜ್ಜಿ ಪೆದ್ದಿ ಅಂದ್ಕೊಂಡ್ರೆ ಮಗೂಗೇನೂ ನಷ್ಟ ಇಲ್ಲ. ಟೀಚರಮ್ಮನೂ ಪೆದ್ದಿ ಅಂತ ಗೊತ್ತಾದ್ರೆ ನಾಳೆ ನಿನ್ನ ಮಾತು ಯಾರ್ ಕೇಳ್ತಾರೆ?”

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಮಗಳನ್ನು ಅಲುಗಾಡಿಸಿ ಎಬ್ಬಿಸಿದೆ. ಟಾಫಿಯ ವಿಷಯವನ್ನು ಮೊದಲಿಂದ ಕೊನೆಯವರೆಗೆ, ಅವಳಿಂದ ಮುಚ್ಚಿಟ್ಟದ್ದನ್ನೂ ಸೇರಿಸಿ, ಹೇಳಿಬಿಟ್ಟೆ. ಅವಳು ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಪಂಜರ ಎತ್ತಿಕೊಂಡು ಅಜ್ಜಿಯ ತೊಡೆಗೆ ಹೋಗಿ ಕೂತಳು.

ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೆ. ತೊಡೆಯೂ ಹಗುರಾಗುತ್ತದೆ ಎಂಬುದು ಅವತ್ತೇ ಗೊತ್ತಾದದ್ದು.