ಲತಾಮಣಿ ಹಿಡಿದ ರಾಕೆಟ್ಟು

ಕನಕಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಲತಾಮಣಿಯ ಫೋಟೊ ಸ್ಟುಡಿಯೊ ಇದೆ. ಇಪ್ಪತ್ತಮೂರು ವರ್ಷಗಳಿಂದ ಆಕೆ ಸುತ್ತಮುತ್ತಲ ಊರುಗಳ ಮದುವೆ ಫೋಟೊ ತೆಗೆಯುತ್ತಾ ಬಂದಿದ್ದಾಳೆ. ಗಟ್ಟಿಮೇಳ ಮೊಳಗಿ, ಅಕ್ಷತೆ ಹಾರಿ, ನೆಂಟರೆಲ್ಲ ಮಂಟಪಕ್ಕೆ ಮುಗಿಬೀಳುವ ಆ ಅರೆಗಳಿಗೆಯಲ್ಲಿ ಯಾರದೋ ಮೊಣಕೈ ಕೆಳಗಿಂದ ಕ್ಯಾಮೆರಾ ತೂರಿಸಿಯಾದರೂ ತಾಳಿ ಕಟ್ಟುವ ಚಿತ್ರ ಹಿಡಿದೇ ಹಿಡಿಯುತ್ತಾಳೆ. ಒಂದು ಸಲವೂ ತಪ್ಪಿದ್ದಿಲ್ಲ. ಜನ ಹಾಗೆಂದು ಹೊಗಳುವುದು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಒಂದಿಷ್ಟು ಹಮ್ಮೂ ಇತ್ತು.

ಆ ಹಮ್ಮು ಮುರಿದದ್ದು ಜನವರಿಯ ಒಂದು ಭಾನುವಾರ, ಮರಳವಾಡಿಯ ರಾಗಿ ಹೊಲದಲ್ಲಿ.

ಪಾಲಿಟೆಕ್ನಿಕ್ಕಿನಲ್ಲಿ ವರ್ಕ್‌ಶಾಪ್ ಮೇಷ್ಟ್ರಾಗಿದ್ದು ನಿವೃತ್ತರಾದ ಅನಂತರಾಜು ಅವರಿಗೆ ಪುಟ್ಟ ರಾಕೆಟ್ಟುಗಳನ್ನು ಮಾಡಿ ಹಾರಿಸುವ ಹುಚ್ಚು. ಅವರ ಜೊತೆಗೆ ಅದೇ ಹುಚ್ಚಿನ ಇನ್ನೂ ಏಳೆಂಟು ಜನ. ರಾಮನಗರದ ಬೆಟ್ಟಗಳಲ್ಲಿ ರಣಹದ್ದುಗಳಿವೆಯೆಂದು ಅತ್ತ ಸುಳಿಯದೆ, ಪೊಲೀಸ್ ಠಾಣೆಗೆ ಅರ್ಜಿ ಬರೆದು ಒಪ್ಪಿಗೆ ಪಡೆದು, ಕುಯ್ಲಾದ ಮೇಲೆ ಬೋಳಾಗಿ ಬಿದ್ದಿರುವ ದೊಡ್ಡಮುನಿಯಪ್ಪನ ಹೊಲದಲ್ಲಿ ಹಾರಿಸುತ್ತಿದ್ದರು. ಹಾರುವ ರಾಕೆಟ್ಟಿನದೊಂದು ಒಳ್ಳೆಯ ಚಿತ್ರ ಬೇಕೆಂದು ಮೇಷ್ಟ್ರು ಲತಾಮಣಿಯನ್ನು ಕರೆದಾಗ ಅವಳು ದೀಪಾವಳಿಯ ಬಾಟಲಿ ರಾಕೆಟ್ಟನ್ನು ನೆನೆದು ನಕ್ಕಿದ್ದಳು.

ಹೊಲದಲ್ಲಿ ನೋಡಿದರೆ ಸೊಂಟದೆತ್ತರದ ರಾಕೆಟ್ಟುಗಳು! ರಟ್ಟಿನ ಕೊಳವೆ, ಕೆಳಗೆ ಮೂರು ರೆಕ್ಕೆ, ತುದಿಗೆ ಮರದ ಮೂತಿ, ಹೊಟ್ಟೆಯೊಳಗೆ ಮಡಚಿಟ್ಟ ಪ್ಯಾರಾಚೂಟು. ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಸರಳಿಗೆ ಒಂದೊಂದನ್ನೇ ಸಿಕ್ಕಿಸಿ, ವೈರು ಎಳೆದು, ದೂರ ನಿಂತು ಬಟನ್ ಒತ್ತುತ್ತಿದ್ದರು. ಲತಾಮಣಿ ಕಣ್ಣು ಕಿರಿದು ಮಾಡಿ ಕಾದಳು. ಬುಸ್ಸೆಂದಿತು. ಒತ್ತಿದಳು. ಆರು ರಾಕೆಟ್ಟು, ಆರು ಕ್ಲಿಕ್ಕು.

ದೊಡ್ಡಮುನಿಯಪ್ಪ ಕ್ಯಾಮೆರಾದ ಹಿಂದಿನ ಪರದೆಗೆ ಬಗ್ಗಿದ. "ಎಲ್ಲವ್ವಾ ರಾಕೆಟ್ಟು? ಬರೀ ಹೊಗೆ ಐತಲ್ಲ!"

ಆರರಲ್ಲೂ ಬರಿಯ ಸರಳು, ಸುತ್ತ ಹೊಗೆ. ಲತಾಮಣಿಯ ಕಿವಿ ಬಿಸಿಯಾಯಿತು.

"ಬೇಜಾರ್ ಮಾಡ್ಕೋಬೇಡಮ್ಮ," ಎಂದರು ಅನಂತರಾಜು. "ಕಣ್ಣು ಮಿಟುಕಿಸೋದ್ರೊಳಗೆ ಅದು ಸರಳು ಬಿಟ್ಬುಟ್ಟಿರ್ತದೆ. ವಿಡಿಯೊ ಇದ್ದೇ ಐತಲ್ಲ, ಸಾಕು ಬುಡು."

ಸಾಕು ಎಂಬ ಆ ಮಾತೇ ಅವಳನ್ನು ಚುಚ್ಚಿದ್ದು. "ಮುಂದಿನ ವಾರಾನೂ ಬತ್ತೀನಿ ಮೇಷ್ಟ್ರೇ," ಎಂದಳು.

ಮುಂದಿನ ವಾರ ಎಣಿಕೆ ಮುಗಿಯುವ ಮೊದಲೇ ಬೆರಳು ಒತ್ತಿ ಹಿಡಿದು ಸಾಲುಸಾಲಾಗಿ ಚಿತ್ರ ತೆಗೆದಳು. ಅದೂ ಕೈಕೊಟ್ಟಿತು. ಬಟನ್ ಒತ್ತಿದ ಮೇಲೆ ಬೆಂಕಿ ಹತ್ತುವುದಕ್ಕೆ ಒಮ್ಮೆ ಅರ್ಧ ಸೆಕೆಂಡ್ ಆದರೆ ಇನ್ನೊಮ್ಮೆ ಎರಡು ಸೆಕೆಂಡ್. ಅಷ್ಟರಲ್ಲಿ ಅವಳ ಹಳೆಯ ಕ್ಯಾಮೆರಾ ಏದುಸಿರು ಬಿಟ್ಟು ನಿಂತೇ ಹೋಗುತ್ತಿತ್ತು. ಒಂದೇ ಒಂದು ಚಿತ್ರದ ಮೇಲಂಚಿನಲ್ಲಿ ರೆಕ್ಕೆಯ ತುದಿಯೊಂದು, ಬಾಗಿಲ ಸಂದಿಗೆ ಸಿಕ್ಕ ಸೆರಗಿನ ಹಾಗೆ ಕಂಡಿತು. ಮದುವೆಯಲ್ಲಾದರೆ ಪುರೋಹಿತರು ಕೈ ಎತ್ತಿ ವಾಲಗದವರಿಗೆ ಸನ್ನೆ ಮಾಡುತ್ತಾರೆ. ಇಲ್ಲಿ ಸನ್ನೆ ಮಾಡುವವರು ಯಾರು? ಈ ವಸ್ತು ಎಂಥದೆಂದು ತಿಳಿಯದೆ ಇದರ ಚಿತ್ರ ತನಗೆ ದಕ್ಕುವುದಿಲ್ಲ ಎನ್ನಿಸಿತು ಅವಳಿಗೆ. ಅಲ್ಲೇ ನಿಂತು ಕೇಳಿದಳು: "ನಾನೂ ಒಂದು ಮಾಡ್ತೀನಿ. ಹೇಳ್ಕೊಡ್ತೀರಾ?"

ಮೇಷ್ಟ್ರು ಕೊಳವೆ ಅಂಟಿಸುವುದನ್ನೂ ರೆಕ್ಕೆ ಕೂರಿಸುವುದನ್ನೂ ಹೇಳಿಕೊಟ್ಟು, ಮೂತಿಗಾಗಿ ಚನ್ನಪಟ್ಟಣಕ್ಕೆ ಕಳಿಸಿದರು. ಅಲ್ಲಿ ಬೊಂಬೆ ಮಾಡುವ ಮೆಹ್ರೀನ್ ಎಂಬಾಕೆಯೇ ಇವರೆಲ್ಲರಿಗೂ ಮೂತಿ ಕಡೆದುಕೊಡುವವಳು. ಲೇತಿನಲ್ಲಿ ಹಾಲೆ ಮರದ ತುಂಡು ಗರಗರ ತಿರುಗುತ್ತಿತ್ತು.

"ಯಾವ ಬಣ್ಣ ಅಕ್ಕಾ? ಮೇಷ್ಟ್ರಿಗೆ ಯಾವಾಗ್ಲೂ ಬಿಳೀನೇ ಬೇಕು."

"ಬಿಳಿ ಬ್ಯಾಡ ಕಣವ್ವ, ಆಕಾಶದಲ್ಲಿ ಕರಗೋಯ್ತದೆ. ಕೆಂಪು ಹಾಕು. ನಡುವೆ ಒಂದು ಹಳದಿ ಪಟ್ಟಿ."

ಮೆಹ್ರೀನ್ ತಿರುಗುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ತೀಡಿದಳು. ಮೂತಿ ದಾಳಿಂಬೆ ಕಾಳಿನ ಹಾಗೆ ಹೊಳೆಯಿತು. ಅದನ್ನು ಮಡಿಲಲ್ಲಿಟ್ಟುಕೊಂಡೇ ಲತಾಮಣಿ ಬಸ್ಸಿನಲ್ಲಿ ಕನಕಪುರಕ್ಕೆ ಬಂದಳು. ಸ್ಟುಡಿಯೊದಲ್ಲಿ ಕಡ್ಡಿ ಮುರಿದು ಮೂಲೆ ಸೇರಿದ್ದ ಲೈಟಿನ ಬಿಳಿ ಕೊಡೆಯ ಬಟ್ಟೆ ಬಿಚ್ಚಿ ಪ್ಯಾರಾಚೂಟು ಹೊಲಿದಳು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ರೆಕ್ಕೆಗಳನ್ನು ಉಜ್ಜಿ ನಯ ಮಾಡಿದಳು.

ಮೂರನೆಯ ಭಾನುವಾರ ಅವಳ ಕೆಂಪು ರಾಕೆಟ್ಟು ಸರಳೇರಿತು. ಬಟನ್ ಅವಳ ಕೈಗೇ ಕೊಟ್ಟರು. ಮೂರು, ಎರಡು, ಒಂದು! ರಾಕೆಟ್ಟು ಒಂದಿಷ್ಟೂ ಓಲಾಡದೆ ಮೇಲೆದ್ದು, ಕೆಂಪು ಚುಕ್ಕಿಯಾಗಿ, ಅಲ್ಲಿ ಬಿಳಿಯ ಕೊಡೆ ಬಿಚ್ಚಿಕೊಂಡು ತೇಲಿತು. ಲತಾಮಣಿ ಚಪ್ಪಲಿ ಬಿಟ್ಟು ರಾಗಿ ಕೂಳೆಯ ಮೇಲೇ ಓಡಿ ಅದನ್ನು ಎತ್ತಿಕೊಂಡಳು. ಕೈಗೆ ಬಂದ ಮೇಲೆ ಹೊಳೆಯಿತು: ಫೋಟೊ ತೆಗೆಯುವುದನ್ನೇ ಮರೆತಿದ್ದಳು!

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಮನೆಗೆ ಬಂದ ಮೇಲೂ ಅದೇ ಯೋಚನೆ. ಹಾರಿಸುವುದೂ ಬೇಕು, ಫೋಟೊವೂ ಬೇಕು. ಇರುವವಳು ಒಬ್ಬಳು. ಮಾರನೆಯ ದಿನ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಸೀರೆಯನ್ನು ಜೋರಾಗಿ ಎಳೆದಳು. ಹಗ್ಗದ ಮೇಲಿನ ಕ್ಲಿಪ್ಪು ಟಕ್ಕನೆ ಬಾಯಿ ಮುಚ್ಚಿತು. ಲತಾಮಣಿ ಸೀರೆ ಹಿಡಿದು ಹಾಗೇ ನಿಂತಳು. ರಾಕೆಟ್ಟೇ ತನ್ನ ಫೋಟೊ ತೆಗೆದುಕೊಂಡರೆ?

ಕ್ಲಿಪ್ಪಿನ ಎರಡೂ ತುಟಿಗೆ ಒಂದೊಂದು ಡ್ರಾಯಿಂಗ್ ಪಿನ್ ಚುಚ್ಚಿ, ಅವಕ್ಕೆ ಕ್ಯಾಮೆರಾವನ್ನು ದೂರದಿಂದ ಕ್ಲಿಕ್ಕಿಸುವ ವೈರಿನ ಎರಡು ಎಳೆಗಳನ್ನು ಸುತ್ತಿದಳು. ಪಿನ್ನುಗಳು ಮುಟ್ಟಿದರೆ ಕ್ಯಾಮೆರಾ ಕ್ಲಿಕ್ ಎನ್ನಬೇಕು. ಮುಟ್ಟದಂತೆ ನಡುವೆ ವಿಸಿಟಿಂಗ್ ಕಾರ್ಡಿನ ಚೂರು ಸಿಕ್ಕಿಸಿ, ಚೂರಿಗೊಂದು ದಾರ ಕಟ್ಟಿದಳು. ರಾಕೆಟ್ಟು ಎದ್ದರೆ ದಾರ ಚೂರನ್ನು ಕೀಳುತ್ತದೆ, ಕ್ಲಿಪ್ಪು ಮುಚ್ಚುತ್ತದೆ. ರಾಕೆಟ್ಟಿನ ಬದಲು ಪೊರಕೆಗೆ ದಾರ ಕಟ್ಟಿ ಮೇಲೆತ್ತಿ ಮೇಲೆತ್ತಿ ನೋಡಿದಳು. ಮೊದಮೊದಲು ಕ್ಯಾಮೆರಾ ಫೋಕಸ್ಸಿಗೆ ತಡಕಾಡಿ ತಡ ಮಾಡುತ್ತಿತ್ತು. ಫೋಕಸ್ಸನ್ನು ಕೈಯಲ್ಲೇ ಹೊಂದಿಸಿಟ್ಟ ಮೇಲೆ ತಡಕಾಟ ನಿಂತಿತು.

ರೇಷ್ಮೆಗೂಡಿನ ಮಾರ್ಕೆಟ್ಟಿನ ಕೆಲಸ ಮುಗಿಸಿ ಬಂದ ಗಂಡ ದೇವರಾಜು ಮೆಟ್ಟಿಲ ಮೇಲೇ ನಿಂತ. "ಪರಕೆ ಫೋಟೊ ಯಾರ್ ಕೇಳಿದ್ರೇ?"

"ಸುಮ್ಕಿರಿ. ಬಂದು ಒಸಿ ಇದನ್ನೆತ್ತಿ, ಜೋರಾಗಿ."

ದೇವರಾಜು ನಲವತ್ತು ಸಲ ಪೊರಕೆ ಎತ್ತಿದ.

ಫೆಬ್ರವರಿಯ ಎರಡನೆಯ ಭಾನುವಾರ ಗಾಳಿಯೇ ಇರಲಿಲ್ಲ. ಲತಾಮಣಿ ಸರಳಿನಿಂದ ನಾಲ್ಕು ಮಾರು ದೂರಕ್ಕೆ ಟ್ರೈಪಾಡ್ ಊರಿ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಸಿ, ಕ್ಲಿಪ್ಪನ್ನು ಸರಳಿನ ಬುಡಕ್ಕೆ ಬಿಗಿದು, ದಾರದ ತುದಿಯನ್ನು ಕಾಗದದ ಟೇಪಿನಿಂದ ಕೆಂಪು ರಾಕೆಟ್ಟಿನ ರೆಕ್ಕೆಗೆ ಅಂಟಿಸಿದಳು.

"ಬಟ್ಟೆ ಕ್ಲಿಪ್ಪಾ?" ಎಂದರು ಅನಂತರಾಜು, ಕನ್ನಡಕ ಏರಿಸಿ.

"ಊಂ ಮೇಷ್ಟ್ರೇ. ಎಲ್ರೂ ಹಿಂದಕ್ಕೆ ಬನ್ನಿ."

ಎಣಿಸಿದಳು. ಒತ್ತಿದಳು. ಏನೂ ಆಗಲಿಲ್ಲ. ಒಂದು ಸೆಕೆಂಡ್ ಹೋಯಿತು. ಇನ್ನೊಂದು ಹೋಗುವಷ್ಟರಲ್ಲಿ ಬೆಂಕಿ ಉಗುಳಿ ರಾಕೆಟ್ಟು ಚಿಮ್ಮಿತು. ಎಲ್ಲರ ಕತ್ತೂ ಮೇಲಕ್ಕೆ. ಕೊಡೆ ಬಿಚ್ಚಿಕೊಂಡದ್ದೇ ತಡ, ಜನ ಹಿಪ್ಪುನೇರಳೆ ತೋಟದ ಕಡೆ ಓಡಿದರು. ಲತಾಮಣಿ ಓಡಲಿಲ್ಲ. ಕ್ಯಾಮೆರಾದ ಬಳಿಗೆ ನಡೆದೇ ಹೋಗಿ, ಪ್ಲಾಸ್ಟಿಕ್ ಸರಿಸಿದಳು.

ಸರಳಿನ ತುದಿಯಿಂದ ಒಂದು ಗೇಣು ಮೇಲೆ ಕೆಂಪು ರಾಕೆಟ್ಟು. ಹಳದಿ ಪಟ್ಟಿ ನಿಚ್ಚಳ. ಕೆಳಗೆ ಬಿಳಿಯ ಬೆಂಕಿಯ ನಾಲಿಗೆ, ಸುತ್ತ ಚಕ್ರದಂತೆ ಹರಡಿದ ಕೆಂಧೂಳು, ಹಾವಿನ ಮರಿಯ ಹಾಗೆ ಬಳುಕಿದ ದಾರ. ಸರಳಿನಾಚೆ ದೂರದಲ್ಲಿ ಬಾಯಿ ತೆರೆದು ನಿಂತ ಇಡೀ ಗುಂಪು, ಹೆಗಲ ಟವೆಲ್ಲು ಜಾರುತ್ತಿರುವ ದೊಡ್ಡಮುನಿಯಪ್ಪ. ಮತ್ತೆ ಬಟನ್ ಮೇಲೆ ಹೆಬ್ಬೆರಳೂರಿ, ಹಲ್ಲು ಕಚ್ಚಿದ ತಾನು! ಇಪ್ಪತ್ತಮೂರು ವರ್ಷದಲ್ಲಿ ಅವಳ ಕ್ಯಾಮೆರಾದೊಳಗೆ ಅವಳೇ ಸಿಕ್ಕಿದ್ದು ಅಪರೂಪ.

"ಸಿಕ್ತು!" ಎಂದು ಕೂಗಿದ ಕೂಗಿಗೆ ತೋಟದ ಹಕ್ಕಿಗಳು ಎದ್ದವು.

ಮೇಷ್ಟ್ರು ಏದುಸಿರಿನಲ್ಲಿ ಬಂದು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ, ಹಾಕಿ ತಿರುಗಿಸದೆ ಬಟನ್ ಕೆಲಸ ಮಾಡದ ಪೆಟ್ಟಿಗೆಯ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟರು. "ಇವತ್ತು ಮಿಕ್ಕ ನಾಲ್ಕೂ ನೀನೇ ಹಾರಿಸಮ್ಮ. ಎಲ್ಲದಕ್ಕೂ ಆ ಕ್ಲಿಪ್ಪು ಕಟ್ಟು."

ನಾಲ್ಕೂ ಸಿಕ್ಕವು. ಒಂದರ ಪ್ಯಾರಾಚೂಟು ಬಿಚ್ಚದೆ ರಾಕೆಟ್ಟು ಮಣ್ಣಿಗೆ ನಾಟಿಕೊಂಡಿತಾದರೂ ಚಿತ್ರ ಮಾತ್ರ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಯುಗಾದಿಯ ಹೊತ್ತಿಗೆ ಸ್ಟುಡಿಯೊದ ಗೋಡೆಯ ತುಂಬ ರಾಕೆಟ್ಟುಗಳು. ಮದುವೆ ಆಲ್ಬಮ್ಮಿಗೆ ಬಂದವರು ಮದುವೆ ಮರೆತು ಅವನ್ನೇ ನೋಡುತ್ತ ನಿಲ್ಲುತ್ತಿದ್ದರು. ಹೀಗೊಂದು ಮಧ್ಯಾಹ್ನ ತುಮಕೂರಿನ ರಾಕೆಟ್ ಗುಂಪಿನವರು ಫೋನ್ ಮಾಡಿ, ತಮ್ಮಲ್ಲೂ ಹಾರಿಸುವ ದಿನ ಇದೆ, ಕ್ಯಾಮೆರಾ ತೆಗೆದುಕೊಂಡು ಬರಲಾದೀತೇ ಎಂದು ಕೇಳಿದರು.

"ಕ್ಯಾಮೆರಾ ಒಂದೇ ಯಾಕೆ ಸಾರ್," ಎಂದಳು ಲತಾಮಣಿ, "ರಾಕೆಟ್ಟೂ ತತ್ತೀನಿ."