ಮೇಜಿನ ಕೆಳಗಿನ ಬೀಳು

ಮೊನ್ನೆ ಒಂದು ಹೊಸ ಜೀನ್ಸ್ ಪ್ಯಾಂಟು ತಂದೆ. ಕಾಲು ಉದ್ದವಾಯಿತು. ನನ್ನ ಕಾಲೇ ಗಿಡ್ಡ ಎನ್ನುವುದು ಸತ್ಯಕ್ಕೆ ಹತ್ತಿರದ ಮಾತು, ಆದರೆ ಈ ವಯಸ್ಸಿನಲ್ಲಿ ತಪ್ಪನ್ನು ಪ್ಯಾಂಟಿನ ಮೇಲೆ ಹೊರಿಸಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ನಮ್ಮ ಬೀದಿಯಲ್ಲಿ ಮೆಟ್ಟಿಲ ಕೆಳಗೆ ಮಷೀನು ಇಟ್ಟುಕೊಂಡು ಕೂರುವ ದರ್ಜಿ ಅಳತೆ ಹಿಡಿದ, ನಾಲ್ಕು ಬೆರಳಿನಷ್ಟು ಕತ್ತರಿಸಿದ, "ಈ ಪೀಸು ಬೇಕಾ ಸಾರ್, ಇಲ್ಲಾ ಬಿಸಾಕ್ಲಾ?" ಎಂದು ಕೇಳಿದ. ಅಷ್ಟೇ. ನಾನು ಆ ತುಂಡನ್ನು ಕೈಗೆ ತೆಗೆದುಕೊಂಡು ಮೂಸಿದೆ. ಹೊಸ ಜೀನ್ಸ್ ಬಟ್ಟೆಗೆ ಒಂದು ವಾಸನೆಯಿದೆ, ನೀವೂ ಮೂಸಿರುತ್ತೀರಿ, ಗಂಜಿಯದ್ದೋ ನೀಲಿ ಬಣ್ಣದ್ದೋ ಹೇಳಲು ಬಾರದು. ಅದು ಮೂಗಿಗೆ ಬಡಿದರೆ ನನಗೆ ರಾಯದುರ್ಗ ನೆನಪಾಗುತ್ತದೆ. ರಾಯದುರ್ಗ ನೆನಪಾದರೆ ಹುಲಿಗೆಮ್ಮ ನೆನಪಾಗುತ್ತಾಳೆ. ಆಮೇಲೆ ಆವತ್ತು ಊಟ ಸೇರುವುದಿಲ್ಲ.

ನಾನು ಮಡಕಶಿರದ ಕಡೆಯವನು, ಅಮರಾಪುರದ ಪಕ್ಕದ ಹಳ್ಳಿ. ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಒಂಬತ್ತು ವರ್ಷ ಕೂತಿದ್ದೆ. ಕೆಲಸ ಮಾಡಿದ್ದೆ ಎನ್ನುವುದಕ್ಕಿಂತ ಕೂತಿದ್ದೆ ಎನ್ನುವುದೇ ಸರಿ, ಏಕೆಂದರೆ ಆ ಕುರ್ಚಿಯ ಸುಖ ನನಗಿಂತ ನನ್ನ ಬೆನ್ನಿಗೆ ಚೆನ್ನಾಗಿ ಗೊತ್ತು. ವಾಲಿದರೆ ಅದೂ ವಾಲುತ್ತಿತ್ತು. ಕಾಫಿ ಬೇಕೆಂದರೆ ಹತ್ತು ಹೆಜ್ಜೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಒಂಬತ್ತು ವರ್ಷ ಬೇರೆಯವರ ತಪ್ಪು ಹುಡುಕಿದವನಿಗೆ ತಾನು ತಪ್ಪು ಮಾಡಲಾರೆನೆಂಬ ಒಂದು ಭ್ರಮೆ ಹತ್ತುತ್ತದೆ. ನನಗೂ ಹತ್ತಿತ್ತು.

ನಮ್ಮಕ್ಕನನ್ನು ಕೊಟ್ಟಿರುವುದು ರಾಯದುರ್ಗಕ್ಕೆ. ಭಾವ ಒಂದು ಶೆಡ್ಡಿನಲ್ಲಿ ಹನ್ನೆರಡು ಮಷೀನು ಹಾಕಿಕೊಂಡು ಜೀನ್ಸ್ ಹೊಲಿಸುತ್ತಾರೆ. ಬಟ್ಟೆ ಬಳ್ಳಾರಿಯ ವ್ಯಾಪಾರಿಗಳದ್ದು, ಹೊಲಿಗೆ ಇವರದ್ದು, ಸೊಂಟಕ್ಕೆ ಹಚ್ಚುವ ಲೇಬಲ್ ಮಾತ್ರ ಯಾವ ದೇಶದ್ದೋ. ಒಂದು ಸಲ ಹೋದಾಗ ಆ ಲೇಬಲ್ಲಿನ ಸುರುಳಿ ಹಿಡಿದು, "ಇದ್ಯಾವ ಹೆಸರು ಭಾವ?" ಎಂದೆ. "ಯಾವಾನಿಗ್ಗೊತ್ತಪಾ, ಹಚ್ಚು ಅಂದ್ರ ಹಚ್ತೀವಿ" ಎಂದರು. ಊರಿಗೆ ಊರೇ ಹೊಲಿಯುತ್ತದೆ, ಊರಿನ ಹೆಸರು ಒಂದು ಪ್ಯಾಂಟಿನ ಮೇಲೂ ಇಲ್ಲ! ನನ್ನ ತಲೆಯಲ್ಲಿ ಹುಳು ಹೊಕ್ಕಿತು. ಬಟ್ಟೆಯ ಮೇಲೆ ಪ್ಯಾಂಟಿನ ಭಾಗಗಳನ್ನು ಒಂದಿಷ್ಟೂ ಜಾಗ ಹಾಳಾಗದಂತೆ ಜೋಡಿಸುವ ಪ್ರೋಗ್ರಾಮ್ ನಾನು ಬರೆಯುವುದು. ಉಳಿದ ಬಟ್ಟೆಯ ಬಲದಲ್ಲಿ ಸಣ್ಣ ಸಣ್ಣ ಶೆಡ್ಡಿನವರೆಲ್ಲ ಒಟ್ಟಾಗಿ ತಮ್ಮದೇ ಪ್ಯಾಂಟು ಮಾಡುವುದು. ಸೊಂಟದ ಮೇಲೆ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ರಾಯದುರ್ಗ.

ಕೆಲಸ ಬಿಟ್ಟು ಟ್ರಂಕಿನ ಸಮೇತ ಅಕ್ಕನ ಬಾಗಿಲಲ್ಲಿ ನಿಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಅಕ್ಕನ ಮಾತು ನಮ್ಮೂರದ್ದೇ. "ಇರಲಾರ್ದೆ ಇರುವೆ ಬಿಟ್ಕಂಡಂಗಾಯ್ತು ನಿಂದು! ಫ್ಯಾನ್ ಕೆಳಗೆ ಕುಂತ್ಕಂಡು ಮಾಡೋ ಕೆಲ್ಸ ಬಿಟ್ಟು ಈ ಧೂಳಿಗೆ ಬಂದಿದ್ಯೇನ್ಲಾ?" ಎಂದಳು. ನಾನು ನನ್ನ ಕನಸಿನ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದೆ. ಪೂರ್ತಿ ಕೇಳಿ, "ಮುದ್ದೆ ಉಣ್ತೀಯಾ, ಅನ್ನ ಇಕ್ಲಾ?" ಎಂದಳು.

ಶೆಡ್ಡಿನಲ್ಲಿ ಉದ್ದನೆಯ ಮೇಜು. ಅದರ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಕಟಿಂಗ್ ಮಾಸ್ತರ್ ಖಾಸಿಂ ಸಾಬರು ಸುಣ್ಣದ ಬಳಪದಲ್ಲಿ ಗೆರೆ ಎಳೆದು ಕೊಯ್ಯುತ್ತಿದ್ದರು. ಬಾಗಿಲ ಬಳಿ ನಾಲ್ಕೈದು ಹೆಂಗಸರು ಕೂತು ಹೊಲಿದ ಪ್ಯಾಂಟಿನ ದಾರ ಕತ್ತರಿಸುವರು. ಅವರಿಗೆ ಮುಖಂಡಳು ಹುಲಿಗೆಮ್ಮ. ಬಾಯಿ ಜೋರು, ಕತ್ತರಿ ಅದಕ್ಕಿಂತ ಜೋರು. ನನ್ನ ಮಾತು ಕೇಳಿದ ಮೊದಲ ದಿನವೇ, "ಸಾವ್ಕಾರ್ರ, ನಿಮ್ಮ ಕಡೆ ಮಾತು ಬೈದಂಗ ಕೇಳ್ತೈತ್ರಿ. ಪ್ರೀತಿ ಮಾಡಿದ್ರೂ ಗೊತ್ತಾಗಂಗಿಲ್ಲ" ಎಂದಳು. ಪಾಪ, ತಿದ್ದಿಕೊಳ್ಳೋಣವೆಂದು ನಾನು ಎಲ್ಲದಕ್ಕೂ 'ರಿ' ಹಚ್ಚತೊಡಗಿದೆ. ಒಳಗೆ ನುಗ್ಗಿದ ನಾಯಿಗೆ "ಹೋಗ್ರಿ, ಹೋಗ್ರಿ" ಎಂದದ್ದು ಕೇಳಿ ಹನ್ನೆರಡು ಮಷೀನೂ ನಿಂತು ನಕ್ಕವು.

ಖಾಸಿಂ ಸಾಬರ ಜೋಡಣೆಯನ್ನು ಒಂದು ವಾರ ನೋಡಿದೆ. ಕಾಲಿಗೂ ಕಾಲಿಗೂ ನಡುವೆ, ಅಂಚಿನಲ್ಲಿ, ಅಲ್ಲಲ್ಲಿ ಅಂಗೈ ಅಗಲ ಜಾಗ ಸುಮ್ಮನೆ ಬಿಡುತ್ತಿದ್ದರು. ಕೊಯ್ದಾಗ ಆ ತುಂಡುಗಳು ಮೇಜಿನ ಕೆಳಗೆ ಬೀಳುತ್ತಿದ್ದವು. "ಮಾಸ್ತರ್ರ, ಇದೇನು?" ಎಂದೆ. ತಲೆ ಎತ್ತದೆ, "ಅದು ಬೀಳ್ರಿ" ಎಂದರು. ನಾನು ಕಂಪ್ಯೂಟರಿನಲ್ಲಿ ಒಂದು ಕಾಲಂ ಮಾಡಿ, ಅದರ ತಲೆಗೆ 'ವೇಸ್ಟ್' ಎಂದು ಬರೆದೆ.

ಈಗ ನೀವೇ ಹೇಳಿ, ನನ್ನಂಥ ಹೆಡ್ಡ ಇನ್ನೊಬ್ಬನಿದ್ದಾನೆಯೇ? ನಾನು ಕುರಿ ಕಾದು ಬೆಳೆದವನು. ನಮ್ಮ ಕಡೆ ಬೀಳು ಎಂದರೆ ಉಳದೆ ಬಿಟ್ಟ ಹೊಲ. ಅದರಲ್ಲಿ ಯಾರ ಕುರಿ ಬೇಕಾದರೂ ಮೇಯಬಹುದು. ಮಾಲೀಕ ಕೇಳುವುದಿಲ್ಲ, ಕುರಿಯವನು ಹೇಳುವುದಿಲ್ಲ. ಕಡಲೆಕಾಯಿ ಹೊಲಕ್ಕೆ ಕುರಿ ಬಾಯಿ ಹಾಕಿದರೆ ತಲೆ ಒಡೆಯುವ ಮನುಷ್ಯನೇ ತನ್ನ ಬೀಳಿನಲ್ಲಿ ಕುರಿ ಕಂಡರೆ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಾನೆ. ಹತ್ತು ವರ್ಷ ಹಾಗೆ ಮೇಯಿಸಿದ ನಾನು ಆ ಮಾತನ್ನು ಕಿವಿಯಾರೆ ಕೇಳಿ 'ವೇಸ್ಟ್' ಎಂದು ಬರೆದುಕೊಂಡೆ.

ಬರೆದು ಮುಗಿಸಲು ಎಂಟು ತಿಂಗಳು ಹಿಡಿಯಿತು. ಪ್ರೋಗ್ರಾಮ್ ಜೋಡಿಸಿದ ಗೆರೆಗಳನ್ನು ಮೇಜಿನುದ್ದದ ಕಾಗದದಲ್ಲಿ ಅಚ್ಚು ಹಾಕಿಸಿ ತಂದು ಬಟ್ಟೆಯ ಮೇಲೆ ಹಾಸಿದೆ. ಮಾಸ್ತರ್ ಹಾಸುತ್ತಿದ್ದುದಕ್ಕಿಂತ ಮೂರು ಮೊಳ ಕಡಿಮೆ ಬಟ್ಟೆ ಸಾಕಾಯಿತು. ಭಾವ ನನ್ನ ಬೆನ್ನು ತಟ್ಟಿದರು. ಖಾಸಿಂ ಸಾಬರು ಕಾಗದದ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ, "ಭಾಳ ಛಲೋ ಐತ್ರಿ. ಆದ್ರ ಬೀಳು ಎಲ್ಲೈತಿ?" ಎಂದರು.

"ಬೀಳೇ ಇಲ್ಲ ಮಾಸ್ತರ್ರ!" ಎಂದೆ ಎದೆಯುಬ್ಬಿಸಿ.

ಅವರು ಬಳಪವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಚಹಾಕ್ಕೆಂದು ಹೊರಗೆ ಹೋದರು. ಹೊಟ್ಟೆಕಿಚ್ಚು ಅಂದುಕೊಂಡೆ. ಸಂಜೆ ಹೆಂಗಸರು ಮೇಜಿನ ಕೆಳಗೆ ಬಗ್ಗಿದಾಗ ಸಿಕ್ಕಿದ್ದು ನಾರಿನಂಥ ಎಳೆಗಳು. ಹುಲಿಗೆಮ್ಮ ಒಂದನ್ನು ಎತ್ತಿ ಹಿಡಿದು, "ಇದರಾಗ ಇಲಿಗೆ ಲಂಗೋಟಿನೂ ಆಗಂಗಿಲ್ಲಲ್ರಿ" ಎಂದು ನಕ್ಕಳು. ನಾನೂ ನಕ್ಕೆ. ಎಷ್ಟು ದೊಡ್ಡದಾಗಿ ನಕ್ಕೆ ಎಂದರೆ, ನೆನೆಸಿಕೊಂಡರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಎರಡು ತಿಂಗಳಾದ ಮೇಲೆ ನನ್ನ ಕನಸಿನ ಲೇಬಲ್ಲಿಗೆ ಒಂದು ಮಾದರಿ ಬೇಕಾಯಿತು. ಕೆಂಪು ದಾರದ ಕಸೂತಿಗೆ ಹುಲಿಗೆಮ್ಮನ ಕೈ ಚೆನ್ನ ಎಂದು ಅಕ್ಕ ಹೇಳಿದಳು. ಕೋಟೆ ಗುಡ್ಡದ ಬುಡದ ಓಣಿಯಲ್ಲಿ ಅವಳ ಮನೆ. ಒಳಗೆ ಒಂದು ಹಳೆಯ ಮಷೀನು, ಮೇಲೆ ಹಳೆ ಸೀರೆ ಮುಚ್ಚಿತ್ತು. ಗೋಡೆಯ ಮೊಳೆಗೆ ಒಂದು ಚೀಲ ತೂಗುತ್ತಿತ್ತು. ಜೀನ್ಸ್ ತುಂಡುಗಳನ್ನು ಕೂಡಿಸಿ ಹೊಲಿದದ್ದು, ಎತ್ತಿನ ಭಾರ ಹೊತ್ತರೂ ಹರಿಯದಂಥದ್ದು. ಬಾಯಿಯ ಹತ್ತಿರ ಕೆಂಪು ದಾರದಲ್ಲಿ ಪುಟ್ಟದೊಂದು ಹುಲಿಯ ಮುಖ.

"ಇದೇನ್ರಿ?" ಎಂದೆ.

"ನನ್ನ ಗುರ್ತು ಹಾಕಿದ್ನಿರಿ. ಸಂತ್ಯಾಗ ಹುಲಿ ಚೀಲ ಕೊಡು ಅಂತಾನ ಕೇಳ್ತಿದ್ರು. ಓಬಳಾಪುರದ ಗಣಿಗೆ ಹೋಗೋರು ಬುತ್ತಿಗೆ ಒಯ್ತಿದ್ರು, ಸಾಲಿ ಹುಡುಗ್ರು ಒಯ್ತಿದ್ರು. ಇದೊಂದ ಉಳದೈತಿ, ಕೊಡಾಕ ಮನಸಾಗಲಿಲ್ಲ."

"ಈಗ ಯಾಕೆ ಹೊಲಿಯೋದಿಲ್ಲ?"

ಅವಳು ನನ್ನ ಮುಖವನ್ನೇ ನೋಡಿದಳು. ಇವನಿಗೆ ನಿಜವಾಗಿಯೂ ತಿಳಿದಿಲ್ಲವೇ ಎಂದು ನೋಡಿದಳು. "ಬೀಳು ನಿಂತೋತಲ್ರಿ" ಎಂದಳು.

ಆಮೇಲೆ ಒಂದೊಂದಾಗಿ ಹೇಳಿದಳು. ಮೇಜಿನ ಮೇಲಿನದು ಸಾವ್ಕಾರ್ರದು, ಕೆಳಗೆ ಬಿದ್ದದ್ದು ಹೆಂಗಸರದು. ಶೆಡ್ಡು ಶುರುವಾದಂದಿನಿಂದ ಹಾಗೇ. "ಮಾಸ್ತರ್ ಅಳತಿ ಮಾಡೇ ಬಿಡ್ತಿದ್ರು. ಚೀಲದ ತಳಕ್ಕ ಅಗಲದ್ದು ಬೇಕಾಗೈತಿ ಅನ್ನೋದು ಅವರಿಗ ತಿಳೀತಿತ್ತು. ನಾವು ಕೇಳ್ತಿದ್ದಿಲ್ಲ, ಅವರು ಹೇಳ್ತಿದ್ದಿಲ್ಲ. ನಿಮ್ಮ ಭಾವಾರಿಗೂ ಗೊತ್ತಿತ್ತು. ಗೊತ್ತಿಲ್ಲದಂಗ ಇದ್ರು."

ಲೇಬಲ್ಲಿನ ಮಾದರಿ ಬರೆದು ತಂದಿದ್ದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ರಾಯದುರ್ಗದಲ್ಲಿ ತಯಾರಾಗಿ, ರಾಯದುರ್ಗದ ಗುರುತು ಹೊತ್ತು, ಜನ ಹೆಸರು ಹಿಡಿದು ಕೇಳುತ್ತಿದ್ದ ಒಂದೇ ಒಂದು ಮಾಲು ಆ ಊರಿನಲ್ಲಿತ್ತು. ಅದನ್ನು ನಾನು ಕೊಂದಿದ್ದೆ. ಅಂಥ ಮಾಲು ಹುಟ್ಟಿಸುತ್ತೇನೆಂದು ಕುರ್ಚಿ ಬಿಟ್ಟು ಬಂದವನು ನಾನೇ. "ತಪ್ಪಾಯ್ತು ಹುಲಿಗೆಮ್ಮ" ಎಂದೆ.

"ತಪ್ಪೇನ್ ಬಿಡ್ರಿ. ನಿಮ್ಮ ಕಂಪ್ಯೂಟರ್ ಭಾಳ ಶಾಣೇದೈತಿ. ನನ್ನ ಕೈ ಸುಮ್ಮನ ಕುಂತಾವು, ಅಷ್ಟ" ಎಂದು ಚಹಾ ಕೊಟ್ಟಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿಂದ ಓಡಿದ್ದು ಭಾವನ ಹತ್ತಿರ. ಮೊದಲಿನಷ್ಟೇ ಜಾಗ ಬಿಡಿಸುತ್ತೇನೆ, ಅರ್ಧ ದಿನದ ಕೆಲಸ ಎಂದೆ. ಭಾವ ಕೆಟ್ಟವರಲ್ಲ. "ಮೊದಲ ಕಾಣ್ತಿದ್ದಿಲ್ಲಪಾ, ಬಿಟ್ಟಿದ್ವಿ. ಈಗ ನೀನ ಕಾಣಂಗ ಮಾಡೀದಿ. ಕಂಡ ಮ್ಯಾಲ ಬಿಡಾಕ ಯಾರಿಗೆ ಮನಸು ಬರ್ತೈತಿ ಹೇಳು? ನಾ ಬಿಟ್ರೂ ಬಾಜೂ ಶೆಡ್ಡಿನಾವ ಬಿಡಂಗಿಲ್ಲ" ಎಂದರು. ಬಾಜೂ ಶೆಡ್ಡಿಗೂ, ಅದರಾಚೆಯ ಶೆಡ್ಡಿಗೂ ಪ್ರೋಗ್ರಾಮನ್ನು ಹೊತ್ತುಕೊಂಡು ಹೋಗಿ ಕೊಟ್ಟು ಬಂದವನು ಯಾರು? ನಾನೇ. ಮಾಡಿದ್ದುಣ್ಣೋ ಮಹಾರಾಯ.

ಉಳಿದ ಬಟ್ಟೆಯಾದರೂ ಊರಿಗೆ ದಕ್ಕಿತೇ ಎಂದರೆ ಅದೂ ಇಲ್ಲ. ಕಡಿಮೆ ಬಟ್ಟೆಯಲ್ಲಿ ಕೆಲಸವಾಗುತ್ತದೆಂದು ತಿಳಿದ ಬಳ್ಳಾರಿಯವರು ಬಟ್ಟೆಯನ್ನೇ ಕಡಿಮೆ ಕಳಿಸತೊಡಗಿದರು. ಒಟ್ಟಾಗೋಣ ಎಂದಿದ್ದ ಶೆಡ್ಡಿನವರು ನನ್ನನ್ನು ಕಂಡರೆ ಬೇರೆ ಓಣಿ ಹಿಡಿದರು. "ಗೆರಿ ಎಳಿಯಾಕ ಕಾಗದ ಐತಿ, ಇನ್ನ ನಾನ್ಯಾಕ್ರಿ?" ಎಂದು ಖಾಸಿಂ ಸಾಬರು ಒಂದು ಶುಕ್ರವಾರ ನಮಾಜಿಗೆ ಹೋದವರು ಮತ್ತೆ ಶೆಡ್ಡಿಗೆ ಬರಲಿಲ್ಲ. ನಾನು ಇನ್ನೊಂದು ಕಂಪನಿಯ ಇನ್ನೊಂದು ಕುರ್ಚಿಗೆ ವಾಪಸಾದೆ. ಅದೂ ವಾಲುತ್ತದೆ. ಸ್ನೇಹಿತರು ನನ್ನನ್ನು ಸೋತು ಬಂದವನೆಂದು ಸಮಾಧಾನ ಮಾಡುತ್ತಾರೆ. ಸೋತಿದ್ದರೆ ನಾನು ನೆಮ್ಮದಿಯಿಂದ ಇರುತ್ತಿದ್ದೆ. ನನ್ನ ಪ್ರೋಗ್ರಾಮ್ ಗೆದ್ದಿದೆ, ಇವತ್ತಿಗೂ ಓಡುತ್ತಿದೆ, ಅದೇ ನನ್ನ ಸಂಕಟ.

ಆ ದರ್ಜಿಯ ಬಳಿ ಹೋಗಿ ಬಂದ ವಾರದಲ್ಲೇ ಭಾವ ಫೋನು ಮಾಡಿದರು. ಹೊಸ ಕಂಪ್ಯೂಟರು ತಂದ ಮೇಲೆ ಪ್ರೋಗ್ರಾಮ್ ಯಾಕೋ ತಪ್ಪುತ್ತಿದೆ, ಅಂಚಿನಲ್ಲಿ ಅಂಗೈ ಅಗಲ ಬಟ್ಟೆ ಬಿಡುತ್ತಿದೆ, ಬೇಗ ಸರಿಮಾಡು ಎಂದರು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ದೇವರೇ ಮಾಡಿಸಿದ ತಪ್ಪು, ಇದು ಹೀಗೇ ಇರಲಿ ಅಂದುಕೊಂಡೆ. "ಬಿದ್ದದ್ದನ್ನ ಹುಲಿಗೆಮ್ಮ ಒಯ್ತಾಳಾ ಭಾವ?" ಎಂದು ಕೇಳಿದೆ.

"ಆಕಿ ಎಲ್ಲಿದಾಳಪಾ? ಬೆಂಗ್ಳೂರ ಗಾರ್ಮೆಂಟ್ಸಿಗೆ ಹೋಗಿ ಎರಡು ವರ್ಷಾತು. ದಿನಾ ಗುಂಡಿ ಹಚ್ಚೋದಂತ. ತುಂಡು ಬಟ್ಟಿ ಒಯ್ತಾರೇನೋ ಅಂತ ಸಂಜಿಕ ಗೇಟಿನಾಗ ಚೀಲ ಬಿಚ್ಚಿಸಿ ಝಡತಿ ಮಾಡಿ ಬಿಡ್ತಾರಂತ."

"ಮತ್ತೆ ಬೇರೆ ಹೆಂಗಸರು?"

"ಯಾರಿಗೂ ಬ್ಯಾಡಪಾ. ಹೊಲಿಯೋರು ಯಾರದಾರ ಈಗ? ಗುಡ್ಡಿ ಹಾಕಿ ಬೆಂಕಿ ಹಚ್ಚಾಕತ್ತೀವಿ, ಓಣಿ ತುಂಬ ಹೊಗಿ. ಮಂದಿ ಬೈತಾರ."

ನಾನು ಲ್ಯಾಪ್‌ಟಾಪ್ ತೆರೆದೆ. ತಪ್ಪು ಹುಡುಕುವುದು ನನಗೆ ಬರುವ ಒಂದೇ ವಿದ್ಯೆ. ಹತ್ತು ನಿಮಿಷ ಹಿಡಿಯಿತು. ಸರಿಮಾಡಿ ಕಳಿಸಿದೆ. ಸಂಜೆಯ ಹೊತ್ತಿಗೆ ಭಾವನೇ ಮತ್ತೆ ಫೋನು ಮಾಡಿದರು.

"ಛಲೋ ಆತು ನೋಡಪಾ. ಈಗ ಏನೂ ಬೀಳವಲ್ದು."